ಮೊಲ ತಂದಿದ್ದೀರಾ? ಮೊದಲು ನೆಲದ ಮೇಲೆ ಕೂತುಕೊಳ್ಳಿ

ಹೋದ ತಿಂಗಳು ನಮ್ಮ ಮೊಮ್ಮಗಳು ರಾಯಚೂರಿನ ಅಂಗಡಿಯೊಂದರಿಂದ ಬಿಳಿ ಮೊಲದ ಮರಿ ತಂದಳು. ಅಂಗಡಿಯವನು ಅದನ್ನು ಎರಡೂ ಕಿವಿ ಹಿಡಿದು ಎತ್ತಿ ರಟ್ಟಿನ ಡಬ್ಬಿಗೆ ಇಳಿಸಿ ಕೊಟ್ಟಿದ್ದನಂತೆ. ಇವಳೂ ಮನೆಗೆ ಬಂದು ಹಾಗೇ ಎತ್ತಿದಳು. ಮರಿ ಒದ್ದಾಡಿ ತಪ್ಪಿಸಿಕೊಂಡು ಮಂಚದ ಕೆಳಗೆ ಹೋಗಿ ಸೇರಿತು. "ಅಜ್ಜಿ, ಇದಕ್ಕ ನಾ ಅಂದ್ರ ಆಗಂಗಿಲ್ಲ" ಅಂತ ಅಳು. ಆಗೋದು ಹೇಗೆ? ನಮ್ಮನ್ನು ಯಾರಾದರೂ ಕಿವಿ ಹಿಡಿದು ಎತ್ತಿದರೆ ನಮಗೆ ಆಗುತ್ತಾ?

ಮೊಲ ಅಂದರೆ ಎಲ್ಲರ ಬಾಯಿಗೂ ತುತ್ತಾಗುವ ಪ್ರಾಣಿ. ನಾಯಿ, ಬೆಕ್ಕು, ಹದ್ದು, ಯಾರೂ ಬಿಡುವುದಿಲ್ಲ. ಅದಕ್ಕೇ ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಿಂದಿನಿಂದ ಬಂದವರನ್ನೂ ನೋಡುತ್ತದೆ, ಮೇಲಿನಿಂದ ಬಂದದ್ದನ್ನೂ ನೋಡುತ್ತದೆ. ಆದರೆ ತನ್ನ ಮೂಗಿನ ಮುಂದೆ, ಗದ್ದದ ಕೆಳಗೆ ಏನಿದೆ ಅಂತ ಮಾತ್ರ ಕಾಣುವುದಿಲ್ಲ. ನಾವು ಪ್ರೀತಿಯಿಂದ ಮೇಲಿನಿಂದ ಕೈ ಚಾಚುತ್ತೇವೆ. ಅದಕ್ಕೆ ಹದ್ದು ಎರಗಿದಂತೆ ಕಾಣುತ್ತದೆ. ಮೂಗಿನ ಮುಂದೆ ಬೆರಳು ಹಿಡಿಯುತ್ತೇವೆ. ಎಲ್ಲಿಂದಲೋ ಏನೋ ತಗುಲಿದಂತಾಗಿ ಬೆಚ್ಚುತ್ತದೆ, ಕೆಲವೊಮ್ಮೆ ಕಚ್ಚುತ್ತದೆ.

ಮೊದಲ ಮೂರು ದಿನ ಏನೂ ಮಾಡಬೇಡಿ. ನಿಜವಾಗಲೂ ಏನೂ ಬೇಡ. ಪಕ್ಕದ ಮನೆ ಮಕ್ಕಳನ್ನು ಕರೆದು ತೋರಿಸುವುದು, ಫೋಟೋ ತೆಗೆಯುವುದು, ಎಲ್ಲ ಆಮೇಲೆ. ಕುಕ್ಕರಿನ ಸೀಟಿ, ಟಿವಿ ಸದ್ದು ದೂರವಿರುವ ಮೂಲೆ ನೋಡಿ. ಅಲ್ಲಿ ಒಂದು ದೊಡ್ಡ ಹಳೆ ಗಡಿಗೆಯನ್ನು ಅಡ್ಡ ಮಲಗಿಸಿ, ಉರುಳದಂತೆ ಎರಡು ಕಡೆ ಇಟ್ಟಿಗೆ ಕೊಡಿ. ಬಾಯಿ ಅಗಲ ಇರಬೇಕು, ಮೊಲ ಒಳಗೇ ತಿರುಗುವಷ್ಟು ಜಾಗ ಬೇಕು. ಹೆದರಿದಾಗ ಹೊಕ್ಕು ಕೂರಲು ಅದಕ್ಕೊಂದು ಬಿಲ ಸಿಕ್ಕಂತೆ. ಗಡಿಗೆಯೊಳಗೆ ಕೂತಾಗ ಯಾರೂ ಕೈ ಹಾಕಕೂಡದು. ಇದೊಂದು ವಿಷಯದಲ್ಲಿ ನಾನು ಮನೆಯಲ್ಲಿ ಯಾರ ಮಾತೂ ಕೇಳುವುದಿಲ್ಲ.

ನೆಲಕ್ಕೆ ಹಳೆ ಕೌದಿ ಹಾಸಿ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಜಾಸ್ತಿ. ತಂಪು ಹೌದು, ಆದರೆ ಮೊಲ ಅದರ ಮೇಲೆ ಜಾರುತ್ತದೆ. ಅದರ ಅಂಗಾಲಿಗೆ ನಾಯಿಗಿರುವಂತೆ ಮೆತ್ತೆ ಇಲ್ಲ, ಬರೀ ಕೂದಲು. ಜಾರಿದ ಮೊಲ ಮತ್ತೆ ಆ ಕಡೆ ಬರಲು ಹೆದರುತ್ತದೆ. ನಿಮ್ಮ ಹಳೆ ಸೀರೆಯ ಕೌದಿಯಾದರೆ ಇನ್ನೂ ಒಳ್ಳೆಯದು, ನಿಮ್ಮ ವಾಸನೆ ಅದಕ್ಕೆ ರೂಢಿಯಾಗುತ್ತದೆ.

ನಾಲ್ಕನೇ ದಿನದಿಂದ ಬೆಳಗ್ಗೆ ಮತ್ತು ಸಂಜೆ ಹತ್ತಿರ ಹೋಗಿ ನೆಲದ ಮೇಲೆ ಕೂತುಕೊಳ್ಳಿ. ಮೊಲ ಚುರುಕಾಗಿರುವ ಹೊತ್ತು ಅದೇ. ಮಧ್ಯಾಹ್ನ ಅದಕ್ಕೂ ನಿದ್ದೆ, ನಮಗೂ ನಿದ್ದೆ. ಅದರ ಕಡೆ ನೋಡಲೂ ಬೇಡಿ. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂರುತ್ತೇನೆ. ಕೊತ್ತಂಬರಿಯ ಒಂದೆರಡು ಕಡ್ಡಿ ಪಕ್ಕಕ್ಕಿಟ್ಟರೆ ಸಾಕು. ಮೊದಲು ದೂರದಿಂದ ಮೂಗು ಆಡಿಸುತ್ತದೆ. ಆಮೇಲೆ ಕತ್ತು ಉದ್ದ ಮಾಡಿ, ಹಿಂಗಾಲು ಮಾತ್ರ ಓಡಲು ತಯಾರಾಗಿ ಅಲ್ಲೇ ಇಟ್ಟುಕೊಂಡು, ಕಡ್ಡಿ ಎಳೆದುಕೊಂಡು ಓಡುತ್ತದೆ. ಓಡಲಿ ಬಿಡಿ. ನಾಲ್ಕು ಸಲ ಕದ್ದ ಮೇಲೆ ಐದನೇ ಸಲ ಅಲ್ಲೇ ಕೂತು ತಿನ್ನುತ್ತದೆ.

ಮುಟ್ಟುವುದಾದರೆ ಹಣೆ ಮುಟ್ಟಿ. ಪಕ್ಕದಿಂದ ನಿಧಾನ ಕೈ ತಂದು, ಎರಡು ಕಣ್ಣಿನ ನಡುವೆ ಒಂದು ಬೆರಳಿನಿಂದ ಹಿಂದಕ್ಕೆ ಸವರಿ. ಹೊಟ್ಟೆ, ಕಾಲು, ಬಾಲ ಬೇಡ. ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಅಂದರೆ ಹಿತವಾಗಿದೆ ಅಂತ ಅರ್ಥ. ಜೋರಾಗಿ ಕಡಿದರೆ, ಮುದುಡಿ ಕೂತರೆ, ಎಲ್ಲೋ ನೋವಿದೆ. ಹಿಂಗಾಲಿನಿಂದ ನೆಲಕ್ಕೆ ಧಪ್ ಅಂತ ಬಡಿದರೆ ಹೆದರಿದೆ. ಒಮ್ಮೊಮ್ಮೆ ಧೊಪ್ಪನೆ ಪಕ್ಕಕ್ಕೆ ಬಿದ್ದು ಕಾಲು ಚಾಚಿ ಮಲಗುತ್ತದೆ. ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂತ ನಾನು ಚೀರಿದ್ದೆ. ನನ್ನ ಕೂಗಿಗೆ ಅದು ಎದ್ದು ಓಡಿತು.

ಸುಮ್ಮನಿದ್ದ ಮೊಲ ಪಳಗಿದ ಮೊಲ ಅಂದುಕೊಳ್ಳಬೇಡಿ. ನಾನು ಪೆಟ್ಟು ತಿಂದದ್ದು ಇಲ್ಲೇ. ನಮ್ಮ ಮೊದಲ ಮೊಲದ ಗೂಡನ್ನು ಮಹಡಿ ಮೇಲೆ ತಗಡಿನ ಕೆಳಗೆ ಇಟ್ಟಿದ್ದೆ. ನೆರಳಿದೆಯಲ್ಲ ಅಂತ. ಮೇ ತಿಂಗಳ ಒಂದು ಮಧ್ಯಾಹ್ನ ಅದು ಕೈಗೆ ಸಿಕ್ಕಿತು, ಎತ್ತಿದರೂ ಒದ್ದಾಡಲಿಲ್ಲ. ಕೊನೆಗೂ ನಂಬಿತು ಅಂತ ಖುಷಿಪಟ್ಟೆ. ಸಂಜೆಗೆ ಪ್ರಾಣ ಇರಲಿಲ್ಲ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮೊಲಕ್ಕೆ 30 ದಾಟಿದರೇ ಕಷ್ಟ. ಅದು ನಮ್ಮಂತೆ ಬೆವರುವುದಿಲ್ಲ, ಮೈಯ ಬಿಸಿ ಹೆಚ್ಚಾಗಿ ಕಿವಿಯಿಂದಲೇ ಹೋಗಬೇಕು. ಹಾಗಾಗಿ ಮಾರ್ಚಿಯಿಂದಲೇ ಪಡಸಾಲೆಯ ಒಳಗೆ ಇಡಿ. ಗಡಿಗೆಯ ಹೊರಮೈಗೆ ನೀರು ಚಿಮುಕಿಸಿ. ಕರೆಂಟ್ ಹೋದರೆ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಟ್ಟ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಒದ್ದೆ ಬಟ್ಟೆಯಿಂದ ಕಿವಿ ಒರೆಸಿ. ಆದರೆ ಸ್ನಾನ ಮಾಡಿಸಬೇಡಿ, ಅದರ ಗಾಬರಿಗೇ ಪ್ರಾಣಕ್ಕೆ ಬರಬಹುದು.

ಹಾಗೆಯೇ ಅಂಗಾತ ಮಲಗಿಸಿದರೆ ಮೊಲ ಕಲ್ಲಿನಂತೆ ಆಗುತ್ತದೆ. ಮಕ್ಕಳು ಅದನ್ನು ನೋಡಿ ನಗುತ್ತಾರೆ. ಅದು ಸುಖವಲ್ಲ, ಭಯ. ಮಾಡಲು ಬಿಡಬೇಡಿ.

ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ. ಕೂಡಲೇ ಮೈಗೆ ಒತ್ತಿಕೊಳ್ಳಿ. ಹಿಂಗಾಲು ಗಾಳಿಯಲ್ಲಿ ಜೋತಾಡಿದರೆ ಜೋರಾಗಿ ಒದೆಯುತ್ತದೆ, ಆ ಒದೆತಕ್ಕೆ ಅದರ ಬೆನ್ನೇ ಮುರಿಯಬಹುದು.

ಊಟದ ಮಾತು ದೊಡ್ಡದು, ಇಲ್ಲಿ ಸ್ವಲ್ಪವೇ ಹೇಳುತ್ತೇನೆ. ಅಂಗಡಿಯಲ್ಲಿ ತಿನ್ನುತ್ತಿದ್ದದ್ದನ್ನೇ ಮೊದಲ ವಾರ ಕೊಡಿ. ನಿಧಾನವಾಗಿ ಹುಲ್ಲಿಗೆ ತನ್ನಿ. ಗಣಪನಿಗೆ ಏರಿಸುವ ಗರಿಕೆ, ಒಣ ಹುಲ್ಲು, ಹೊಟ್ಟೆ ತುಂಬುವಷ್ಟು ಇದೇ ಇರಲಿ. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದರೇ ಸವೆಯುವುದು. ಭತ್ತ, ಹತ್ತಿ ಹೊಲದ ಬದುವಿನ ಹುಲ್ಲು ಮಾತ್ರ ತರಬೇಡಿ, ಔಷಧ ಹೊಡೆದಿರುತ್ತಾರೆ. ಗಜ್ಜರಿ ಸಿಹಿ ತಿಂಡಿ ಇದ್ದಂತೆ, ಬೆರಳುಗುರಿನಷ್ಟು ತುಂಡು ಸಾಕು. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನಬೇಡಿ, ದನದ ದವಾಖಾನೆಗೆ ಕರೆದುಕೊಂಡು ಹೋಗಿ.

ಹೊಲದಲ್ಲಿ ಕಾಡುಮೊಲದ ಮರಿ ಸಿಕ್ಕಿತು ಅಂತ ಯಾರಾದರೂ ತಂದುಕೊಟ್ಟರೆ ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆ ಅದನ್ನು ಸಾಕಲು ಬಿಡುವುದಿಲ್ಲ, ಅದು ಪಳಗುವ ಜಾತಿಯೂ ಅಲ್ಲ.

ಮೊಮ್ಮಗಳ ಮರಿ ಈಗ ಅವಳ ಮಡಿಲೇರಿ ಇಳಿಯುತ್ತದೆ. ನಾನು ಎದ್ದರೆ ನನ್ನ ಹಿಂದೆಯೇ ಅಡುಗೆಮನೆಗೆ ಬರುತ್ತದೆ, ಅದಕ್ಕೇ ಹೆಜ್ಜೆ ನೋಡಿ ಇಡುತ್ತೇನೆ. ಧೈರ್ಯ ಬಂದ ಮೊಲ ಮನೆಯೆಲ್ಲ ಸುತ್ತಿ ವೈರು ಕಡಿಯುತ್ತದೆ. ಫ್ರಿಜ್ಜಿನ ವೈರಿಗೆ ಪೈಪು ಹಾಕಿಸಿ, ಮೊಬೈಲ್ ಚಾರ್ಜರ್ ಮೇಲೆ ಎತ್ತಿಡಿ. ನಮ್ಮನೆಯಲ್ಲಿ ಈಗಾಗಲೇ ಎರಡು ಹೋಗಿವೆ.