ಸಗಣಿ ನೀರಿನ ಬೆನ್ನು ಹತ್ತಿ

"ಸಗಣಿ ನೋಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?" ಅಂತ ಅಮ್ಮ ಫೋನಿನಲ್ಲಿ ನಕ್ಕಿದ್ದರು. ನಮ್ಮನೆಯಲ್ಲಿ ನಾಲ್ಕು ಹಸು ಇದ್ದವು. ಬೆಳಿಗ್ಗೆ ಎದ್ದು ಬಾಚಿದ ಸಗಣಿಯೆಲ್ಲ ತಿಪ್ಪೆಗೆ ಹೋಗುತ್ತಿತ್ತು. ಒಂದು ಬುಟ್ಟಿ ಹೆಚ್ಚು ಬಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನ್ಯೂಜಿಲೆಂಡಿನ ಉತ್ತರ ದ್ವೀಪದ ಒಂದು ಪ್ರಾದೇಶಿಕ ಕೌನ್ಸಿಲ್‌ನಲ್ಲಿ ನನಗೆ ಸಿಕ್ಕ ಕೆಲಸ, ಅದೇ ಸಗಣಿ ಎಲ್ಲಿಗೆ ಹರಿದು ಹೋಗುತ್ತಿದೆ ಅಂತ ಪತ್ತೆ ಮಾಡುವುದು.

ಲೆಕ್ಕ ಕೇಳಿದರೆ ಅಮ್ಮನೂ ನಗು ನಿಲ್ಲಿಸಿದರು. ಹಾಲು ಕರೆಯುವ ಶೆಡ್ ತೊಳೆದಾಗ ಬರುವ ಕೊಳೆ ನೀರನ್ನು ಇಲ್ಲಿ ಹಸುವೊಂದಕ್ಕೆ ದಿನಕ್ಕೆ ಸುಮಾರು 50 ಲೀಟರ್ ಅಂತ ಹಿಡಿಯುತ್ತಾರೆ. ನಾನೂರು ಹಸು ಇದ್ದರೆ 20,000 ಲೀಟರ್. ದಿನಾ ಮೂರು ಟ್ಯಾಂಕರ್‌ಗಿಂತ ಜಾಸ್ತಿ. ಅದನ್ನು ಹೊಂಡದಲ್ಲಿ ಕೂಡಿಟ್ಟು, ಹುಲ್ಲುಗಾವಲಿಗೆ ತೆಳ್ಳಗೆ ಹಾಯಿಸಬೇಕು. ಹುಲ್ಲು ಕುಡಿದರೆ ಗೊಬ್ಬರ, ಹಳ್ಳಕ್ಕೆ ಇಳಿದರೆ ಅಪರಾಧ.

ಇಲ್ಲಿನ ಮೂಲ ಕಾನೂನು 1991ರ ರಿಸೋರ್ಸ್ ಮ್ಯಾನೇಜ್‌ಮೆಂಟ್ ಆಕ್ಟ್. ಎಲ್ಲರ ಬಾಯಲ್ಲೂ ಅದು ಆರ್‌ಎಂಎ. ಜಮೀನು ನಿಮ್ಮದೇ ಆಗಿರಬಹುದು. ಆದರೆ ಕೊಳೆ ನೀರು ಬಿಡಬೇಕಾದರೆ, ಹೊಳೆಗೆ ದೊಡ್ಡ ಪಂಪ್ ಇಡಬೇಕಾದರೆ ಆ ಪ್ರದೇಶದ ಪ್ಲಾನ್, ಅಂದರೆ ಕೌನ್ಸಿಲ್‌ನ ನಿಯಮಪುಸ್ತಕ, ಒಪ್ಪಬೇಕು. ಇಲ್ಲವೇ ರಿಸೋರ್ಸ್ ಕನ್ಸೆಂಟ್ ಬೇಕು. ನಮ್ಮಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಗಳಿಗೆ ಕೊಡುತ್ತಲ್ಲ, ಆ ಕನ್ಸೆಂಟಿನ ದಾಯಾದಿ ಇದು. ಅವಧಿ ಹೆಚ್ಚೆಂದರೆ 35 ವರ್ಷ. ಜೊತೆಗೆ ಷರತ್ತುಗಳ ಪಟ್ಟಿ. ನನ್ನ ಅನ್ನ ಆ ಪಟ್ಟಿಯಲ್ಲಿದೆ.

ಫಾರಂಗೆ ಹೋಗಲು ಮೊದಲೇ ಹೇಳಬೇಕಿಲ್ಲ. ಸರಿಯಾದ ಹೊತ್ತಿನಲ್ಲಿ ಹೋಗಿ, ಅಧಿಕಾರ ಪತ್ರ ತೋರಿಸಿ ಒಳಗೆ ಬರಬಹುದು ಅಂತ ಕಾಯ್ದೆಯ 332ನೇ ಸೆಕ್ಷನ್ ಹೇಳುತ್ತದೆ. ಮನೆಯೊಳಗೆ ಮಾತ್ರ ಕಾಲಿಡುವಂತಿಲ್ಲ. ಯಾರೂ ಇಲ್ಲದಿದ್ದರೆ ದಿನ, ಹೊತ್ತು, ಹೆಸರು ಬರೆದ ಚೀಟಿಯನ್ನು ಕಣ್ಣಿಗೆ ಬೀಳುವಲ್ಲಿ ಇಟ್ಟು ಬರಬೇಕು. ಇನ್ನು ಬೂಟು. 2017ರಲ್ಲಿ ಮೈಕೋಪ್ಲಾಸ್ಮಾ ಬೋವಿಸ್ ಅನ್ನುವ ದನಗಳ ರೋಗ ಇಲ್ಲಿ ಕಾಣಿಸಿಕೊಂಡ ಮೇಲೆ ರೈತರು ಮೊದಲು ನೋಡುವುದು ನಮ್ಮ ಬೂಟನ್ನೇ. ಗೇಟಿನ ಹತ್ತಿರ ಬ್ರಷ್ ಹಿಡಿದು, ಔಷಧದ ನೀರಿನಲ್ಲಿ ಗಸಗಸ ತಿಕ್ಕಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಈಗ ನನ್ನ ಎಡವಟ್ಟಿನ ಕಥೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಸೆಪ್ಟೆಂಬರ್ ತಿಂಗಳು. ಇಲ್ಲಿ ಅದು ವಸಂತ. ಕರು ಹಾಕುವ ಕಾಲ ಆಗತಾನೇ ಮುಗಿದಿರುತ್ತದೆ, ನೆಲ ಇನ್ನೂ ನೆನೆದಿರುತ್ತದೆ. ಒಂದು ಫಾರಂನಲ್ಲಿ ಕೊಳೆ ನೀರು ಚಿಮ್ಮಿಸುತ್ತಾ ತೆವಳುವ ಮೆಷಿನ್ ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತ್ತು. ಪಂಪ್ ಮಾತ್ರ ನಡೆಯುತ್ತಲೇ ಇತ್ತು. ಒಂದು ಸಲಕ್ಕೆ 25 ಮಿಲಿಮೀಟರ್ ಆಳಕ್ಕಿಂತ ಹೆಚ್ಚು ಹಾಯಿಸಬಾರದು, ನೀರು ನಿಲ್ಲಬಾರದು ಅಂತ ಅವರ ಕನ್ಸೆಂಟ್ ಇತ್ತು. ಅಲ್ಲಿ ನನ್ನ ಪಾದ ಮುಳುಗುವಷ್ಟು ಹಸಿರು ರಾಡಿ.

ಸುಮ್ನೆ ರಾಡಿಯ ಫೋಟೋ ಹೊಡೆದು ಬಂದರೆ ಅರ್ಧ ಕೆಲಸ. ಇಂಥ ಗದ್ದೆಗಳ ಅಡಿಯಲ್ಲಿ ನೀರು ಬಸಿಯಲು ಪೈಪ್ ಹೂತಿರುತ್ತಾರೆ. ಮೇಲೆ ಇಂಗಿದಂತೆ ಕಂಡ ನೀರು ಅದರೊಳಗೆ ಸೇರಿ ಕಾಲುವೆಗೆ ಬೀಳುತ್ತದೆ. ಕಾಲುವೆ ಬದಿಗೆ ಹೋದೆ. ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಯಿತು. ಮುಳ್ಳುಪೊದೆಯ ಹಿಂದೆ ಪೈಪಿನ ಬಾಯಿ, ಅದರಿಂದ ಹಸಿರುಗಂದು ನೀರು, ಮೇಲೆ ನೊರೆ. ಪೊದೆಯೊಳಗೆ ಇಳಿಯಲು ಸೋಮಾರಿತನ. ಹತ್ತು ಹೆಜ್ಜೆ ಕೆಳಗೆ ಕಾಲುವೆಯಲ್ಲೇ ಬಾಟಲಿ ತುಂಬಿಸಿ, ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕಳಿಸಿದೆ. ನೀರಿಗೆ ಸಗಣಿ ಸೇರಿದ್ದನ್ನು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ ಎಣಿಸಬೇಕಾದರೆ ಒಂದು ದಿನದೊಳಗೆ ಅಲ್ಲಿರಬೇಕು.

ಎಣಿಕೆ ಬೇಕಾದಷ್ಟು ಬಂತು. ಖುಷಿಯಿಂದ ಫೈಲ್ ಇಟ್ಟೆ. ನನ್ನ ಹಿರಿಯ ಸಹೋದ್ಯೋಗಿ ಓದಿ ಒಂದೇ ಪ್ರಶ್ನೆ ಕೇಳಿದರು. "ಪೈಪಿನ ಮೇಲ್ಗಡೆಯ ನೀರು ಹೇಗಿತ್ತು?" ನಾನು ತೆಗೆದುಕೊಂಡೇ ಇರಲಿಲ್ಲ. ಮೇಲ್ಗಡೆ ಪಕ್ಕದವರ ದನ, ಅವರ ಪೈಪು. ನನ್ನ ಬಾಟಲಿಯ ಕೊಳೆ ಯಾರದ್ದು ಅಂತ ಹೇಳುವುದು? ಗದ್ದೆಯಲ್ಲಿ ನೀರು ನಿಂತದ್ದಕ್ಕೆ ಅಬೇಟ್‌ಮೆಂಟ್ ನೋಟಿಸ್, ಅಂದರೆ ಇದನ್ನು ನಿಲ್ಲಿಸಿ, ಸರಿಪಡಿಸಿ ಅನ್ನುವ ಆದೇಶ, ಕೊಟ್ಟೆವು. ಹಳ್ಳಕ್ಕೆ ಹರಿದ ದೊಡ್ಡ ಆರೋಪ ಅಲ್ಲಿಗೇ ಬಿತ್ತು. ನೋಟಿಸಿನ ಮೇಲೆ ಎನ್ವಿರಾನ್‌ಮೆಂಟ್ ಕೋರ್ಟಿಗೆ ಹೋಗಲು 15 ಕೆಲಸದ ದಿನ ಇರುತ್ತದೆ. ಆ ರೈತ ಹೋಗಲಿಲ್ಲ. ಮೆಷಿನ್ ನಿಂತರೆ ಪಂಪೂ ತಾನಾಗಿಯೇ ನಿಲ್ಲುವ ಸ್ವಿಚ್ ಹಾಕಿಸಿಕೊಂಡ. ನಿಜ ಹೇಳಬೇಕೆಂದರೆ ಹಳ್ಳಕ್ಕೆ ಬೇಕಾಗಿದ್ದದ್ದೂ ಆ ಸ್ವಿಚ್ಚೇ.

ಅಂದಿನಿಂದ ಮೂರು ಬಾಟಲಿ. ಮೇಲ್ಗಡೆ, ಪೈಪಿನ ಬಾಯಿ, ಕೆಳಗಡೆ. ಮುಳ್ಳಿದ್ದರೂ ಸರಿ. ಪುಸ್ತಕದಲ್ಲಿ "ಮಲಿನ ನೀರು" ಅಂತ ಬರೆಯುವುದನ್ನೂ ಬಿಟ್ಟೆ. ಅದು ನನ್ನ ತೀರ್ಮಾನ, ಕಂಡದ್ದಲ್ಲ. ಬಣ್ಣ, ವಾಸನೆ, ಆಳ, ಎಷ್ಟು ಗಂಟೆ, ಗಾಳಿ ಯಾವ ಕಡೆಯಿಂದ, ಇಷ್ಟೇ. ಫೋಟೋದಲ್ಲಿ ಸ್ಕೇಲ್ ಇರಬೇಕು.

ಷರತ್ತಿನ ಭಾಷೆಯೂ ಹೀಗೇ. "ಸಾಕಷ್ಟು ದೊಡ್ಡ ಹೊಂಡ ಇರತಕ್ಕದ್ದು" ಅಂತ ಬರೆದ ಹಳೆಯ ಕನ್ಸೆಂಟ್ ಕೈಗೆ ಬಂದರೆ ತಲೆ ಬಿಸಿಯಾಗುತ್ತದೆ. ಸಾಕಷ್ಟು ಅಂದ್ರೆ ಎಷ್ಟು? ಅವನಿಗೆ ಸಾಕು, ನನಗೆ ಸಾಲದು. ಜಗಳ ಅಲ್ಲೇ ಶುರು. ನೀರು ಎತ್ತುವ ಕನ್ಸೆಂಟುಗಳಲ್ಲಿ ಈ ಗೋಳು ಕಮ್ಮಿ. 2010ರ ನಿಯಮದ ಪ್ರಕಾರ ಸೆಕೆಂಡಿಗೆ 5 ಲೀಟರ್ ಅಥವಾ ಹೆಚ್ಚು ಎತ್ತುವವರು ಮೀಟರ್ ಇಡಲೇಬೇಕು. 2020ರ ತಿದ್ದುಪಡಿಯ ನಂತರ ಹದಿನೈದು ನಿಮಿಷಕ್ಕೊಂದು ಅಂಕಿ ಹಂತಹಂತವಾಗಿ ಕಚೇರಿಗೇ ಬರತೊಡಗಿತು. ಆದರೂ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಒಂದು ಬೇಸಿಗೆಯಲ್ಲಿ ಒಂದು ಫಾರಂನ ಮೀಟರ್ ವಾರವಿಡೀ ಸೊನ್ನೆ ತೋರಿಸಿತು. ಕಳ್ಳತನ ಅಂದುಕೊಂಡು ಓಡಿದೆ. ಇಲಿ ವೈರ್ ಕಡಿದಿತ್ತು.

ಪ್ರತಿ ವರ್ಷ ಜೂನ್ 1 ನನಗೆ ಯುಗಾದಿ ಇದ್ದಂತೆ. ಬೇರೆಯವರ ಫಾರಂನಲ್ಲಿ ಆದಾಯದ ಪಾಲಿಗೆ ಹಾಲು ಕರೆಯುವವರು ಹಸು, ಸಾಮಾನು, ಮಕ್ಕಳ ಸಮೇತ ಒಂದು ಫಾರಂ ಬಿಟ್ಟು ಇನ್ನೊಂದಕ್ಕೆ ಹೋಗುವ ದಿನ ಅದು. ಕನ್ಸೆಂಟ್ ಮಾಲೀಕನ ಹೆಸರಿನಲ್ಲಿ, ಕಾಗದ ಅವನ ಕಪಾಟಿನಲ್ಲಿ, ಪಂಪಿನ ಸ್ವಿಚ್ ಮಾತ್ರ ಹೊಸಬನ ಕೈಯಲ್ಲಿ. ಕಳೆದ ಸಲ ಒಬ್ಬ ಹುಡುಗನನ್ನು ಷರತ್ತು ಕೇಳಿದೆ. "ಯಾವ ಷರತ್ತು?" ಅಂದ. ಗಾಡಿಯಲ್ಲಿ ಯಾವಾಗಲೂ ನಕಲು ಇಟ್ಟಿರುತ್ತೇನೆ. ಎರಡು ಪುಟ ತೆಗೆದುಕೊಟ್ಟೆ. 25 ಮಿಲಿಮೀಟರ್ ಅನ್ನುವ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಶೆಡ್ಡಿನ ಗೋಡೆಯಲ್ಲಿ ಪಂಪಿನ ಸ್ವಿಚ್ಚಿನ ಪಕ್ಕ ಮೊಳೆ ಹೊಡೆದು ಸಿಕ್ಕಿಸಿದ. ಆಮೇಲೆ ನನ್ನ ಬೂಟು ನೋಡಿ, ತೊಳೆದುಕೊಂಡು ಬಂದಿದ್ದೀರಿ ತಾನೇ ಅಂತ ಕೇಳಿದ.