ನೆಟ್ ಇಲ್ಲದ ದಿನವೂ ಓಡುವ ಎಪಿಐ ಟೂಲ್‌ಗಳು: ನಾಪೋಕ್ಲಿನಿಂದ ನನ್ನ ಅನುಭವ

ಬೆಳಿಗ್ಗೆ ರೇನ್ ಗೇಜ್ ನೋಡಿ ಮಳೆ ಲೆಕ್ಕ ಬರೆದಿಡುವುದು ಕೊಡಗಿನ ತೋಟಗಳಲ್ಲಿ ಹಳೇ ಅಭ್ಯಾಸ. ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟು ಅಂದರೆ ಒಂದು ಇಂಚು. ನಮ್ಮ ನಾಪೋಕ್ಲು ಸುತ್ತಮುತ್ತ ಇಪ್ಪತ್ತು ಚಿಲ್ಲರೆ ತೋಟದವರು ಅದನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಹೋದ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದರ ಹಿಂದೆ ಬೇಕಾಗುವ ಬ್ಯಾಕಿಂಗ್ ಮಳೆ ಎಷ್ಟು ದಿನ ಬಿಟ್ಟು ಬಂತು ಅಂತ ಕೇಳಿದರೆ ಸಾವಿರಾರು ಮೆಸೇಜುಗಳ ನಡುವೆ ಹುಡುಕಬೇಕಿತ್ತು. ಅದಕ್ಕೇ ಒಂದು ಚಿಕ್ಕ ವೆಬ್ ಎಪಿಐ ಮಾಡೋಣ ಅಂತ ಕೂತೆ. ಎಪಿಐ ಅಂದರೆ ಬೇರೆ ಪ್ರೋಗ್ರಾಮುಗಳು ನಮ್ಮ ಸರ್ವರ್‌ಗೆ ಡೇಟಾ ಕಳಿಸಲು, ಕೇಳಿ ಪಡೆಯಲು ಇರುವ ದಾರಿ. ಫೋನಿನಿಂದ ಲೆಕ್ಕ ಕಳಿಸಬೇಕು, ಬೇಕಾದಾಗ ತೋಟದ ಹೆಸರು, ತಾರೀಕು ಕೊಟ್ಟು ಕೇಳಬೇಕು. ಅಷ್ಟೇ.

ಕಟ್ಟುವುದಕ್ಕೆ ಟೂಲ್ ಆರಿಸುವುದು ಕಷ್ಟವಾಗಲಿಲ್ಲ. ನನಗೆ ಪೈಥಾನ್ ಬರುತ್ತದೆ, ಹಾಗಾಗಿ ಅದರಲ್ಲಿ ವೆಬ್ ಸರ್ವರ್ ಕಟ್ಟಲು ಬಳಸುವ ಜಾಂಗೋ ಇಲ್ಲವೇ ಫಾಸ್ಟ್‌ಎಪಿಐ. ಲಾಗಿನ್, ಅಡ್ಮಿನ್ ಪುಟ ಎಲ್ಲಾ ಬೇಕಿದ್ದರೆ ಜಾಂಗೋನೇ ಹಿಡಿಯುತ್ತಿದ್ದೆ. ಇಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಎಂಡ್‌ಪಾಯಿಂಟ್, ಅಂದರೆ ರಿಕ್ವೆಸ್ಟ್ ಕಳಿಸುವ ವಿಳಾಸಗಳು. 2018ರಲ್ಲಿ ಬಂದ ಫಾಸ್ಟ್‌ಎಪಿಐನಲ್ಲಿ ಯಾವ ಫೀಲ್ಡ್ ಸಂಖ್ಯೆ, ಯಾವುದು ತಾರೀಕು ಅಂತ ಕೋಡಿನಲ್ಲಿ ಒಮ್ಮೆ ಬರೆದರೆ ಸಾಕು, ತಪ್ಪು ಡೇಟಾ ಬಂದರೆ ಅದೇ 422 ಅನ್ನುವ ತಪ್ಪಿನ ಕೋಡ್ ಕೊಟ್ಟು ವಾಪಸ್ ಕಳಿಸುತ್ತದೆ, ಓಪನ್‌ಎಪಿಐ ವಿವರಣೆಯನ್ನೂ (ಯಾವ ಎಂಡ್‌ಪಾಯಿಂಟ್‌ಗೆ ಏನು ಕಳಿಸಬೇಕು, ಏನು ಉತ್ತರ ಬರುತ್ತದೆ ಅನ್ನುವ ಪಟ್ಟಿ) ತಾನೇ ಬರೆದುಕೊಡುತ್ತದೆ. ಈ ಎರಡನೆಯದು ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ. ಡೇಟಾಬೇಸ್ ಎಸ್‌ಕ್ಯೂಲೈಟ್, ಇಡೀ ಲೆಕ್ಕ ಒಂದೇ ಫೈಲಿನಲ್ಲಿ.

ಎಪಿಐಗೆ ರಿಕ್ವೆಸ್ಟ್ ಕಳಿಸಿ ಸರಿಯಾದ ಉತ್ತರ ಬರುತ್ತದಾ ಅಂತ ಟೆಸ್ಟ್ ಮಾಡುವ ಟೂಲ್ ವಿಷಯದಲ್ಲಿ ಮಾತ್ರ ಪಾಡುಪಟ್ಟೆ. ಮೊದಲು ಎಲ್ಲರೂ ಬಳಸುವ ಒಂದು ಟೂಲನ್ನೇ ಬಳಸುತ್ತಿದ್ದೆ. ಅದಕ್ಕೆ ಲಾಗಿನ್ ಬೇಕು, ನಾವು ಬರೆದ ರಿಕ್ವೆಸ್ಟ್‌ಗಳೆಲ್ಲ ಅವರ ಕ್ಲೌಡಿನಲ್ಲಿ ಇರುತ್ತವೆ. ಜೂನ್ ಕೊನೆಯಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ಹೋಯಿತು, ಮಾರನೇ ದಿನ ಟವರ್‌ನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಯಿತು. ಇದು ಇಲ್ಲಿ ಪ್ರತಿ ಮಳೆಗಾಲದ ಕಥೆ ಅಲ್ವಾ. ಹೊರಗೆ ಕೆಲಸವಿಲ್ಲ, ಇನ್ವರ್ಟರ್‌ನಲ್ಲಿ ಲ್ಯಾಪ್‌ಟಾಪ್ ಓಡುತ್ತಿತ್ತು, ಕೋಡ್ ಬರೆಯಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ ಅಂತ ಕೂತರೆ ಟೂಲ್ ಲಾಗಿನ್ ಪುಟದಲ್ಲೇ ನಿಂತಿತು. ಸರ್ವರ್ ಇರುವುದು ನನ್ನ ಲ್ಯಾಪ್‌ಟಾಪ್‌ನಲ್ಲಿ, ರಿಕ್ವೆಸ್ಟ್ ಹೋಗಬೇಕಾದದ್ದೂ ಅದೇ ಲ್ಯಾಪ್‌ಟಾಪ್‌ಗೆ. ಮೂರು ದಿನ ಸುಮ್ನೆ ಹೋಯಿತು. ಆಮೇಲೆ ಯಾವ ಟೂಲ್ ಕೈಗೆ ಬಂದರೂ ಮೊದಲು ವೈಫೈ ಆಫ್ ಮಾಡಿ, ಟೂಲ್ ಮುಚ್ಚಿ, ಮತ್ತೆ ತೆರೆದು ನೋಡುತ್ತೇನೆ.

ಬ್ರೌಸರ್‌ನಲ್ಲೇ ತೆರೆಯುವ ಹಾಪ್‌ಸ್ಕಾಚ್ ನೋಡಿದೆ. ನಮ್ಮ ಪಕ್ಕದ ಕೇರಳದವರು 2019ರಲ್ಲಿ ಶುರುಮಾಡಿದ್ದು, ಆಗ ಅದರ ಹೆಸರು ಪೋಸ್ಟ್‌ವುಮನ್. ತುಂಬಾ ಹಗುರ, ನೋಡಲೂ ಚೆಂದ. ಆದರೆ ಬ್ರೌಸರ್‌ನಿಂದ ನನ್ನದೇ ಲೋಕಲ್ ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿದರೆ ಬ್ರೌಸರ್ ತನ್ನ ಸಿಒಆರ್‌ಎಸ್ ನಿಯಮ (ಒಂದು ಸೈಟಿನ ಪುಟ ಬೇರೆ ಸರ್ವರ್‌ನ ಡೇಟಾ ಅನುಮತಿ ಇಲ್ಲದೆ ಓದಬಾರದು ಅನ್ನುವುದು) ಹೇಳಿ ತಡೆಯುತ್ತದೆ, ಅದಕ್ಕೊಂದು ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. ಇನ್ನೊಬ್ಬರಿಗೆ ಬೇಗ ತೋರಿಸಬೇಕಾದಾಗ ಈಗಲೂ ಅದನ್ನೇ ತೆರೆಯುತ್ತೇನೆ.

ದಿನದ ಕೆಲಸಕ್ಕೆ ಬ್ರೂನೋ ಹಿಡಿದೆ. ಲಾಗಿನ್ ಕೇಳುವುದಿಲ್ಲ. ಒಂದು ರಿಕ್ವೆಸ್ಟ್ ಅಂದರೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್: ಮೇಲೆ ವಿಳಾಸ, ಮಧ್ಯೆ ಕಳಿಸುವ ಡೇಟಾ, ಕೆಳಗೆ ಏನು ಉತ್ತರ ಬರಬೇಕು ಅನ್ನುವ ಟೆಸ್ಟ್. ನೋಟ್‌ಪ್ಯಾಡಿನಲ್ಲೂ ಓದಬಹುದು. ಆ ಫೈಲುಗಳು ಕೋಡಿನ ಜೊತೆಗೇ ಗಿಟ್‌ನಲ್ಲಿ, ಅಂದರೆ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್‌ನಲ್ಲಿ, ಇರುತ್ತವೆ, ಹಾಗಾಗಿ ಎಪಿಐ ಬದಲಾದ ದಿನ ಟೆಸ್ಟ್ ಏನು ಬದಲಾಯಿತು ಅನ್ನುವುದೂ ಒಟ್ಟಿಗೇ ಕಾಣುತ್ತದೆ. ನನಗೆ ಇದೇ ದೊಡ್ಡ ವಿಷಯ.

ಇನ್ನೊಂದು ಕಡೆ ಎಡವಿದೆ. ಫಾಸ್ಟ್‌ಎಪಿಐ ಒಂದು ಡಾಕ್ಸ್ ಪುಟ ಕೊಡುತ್ತದೆ, ಅಲ್ಲೇ ಬಟನ್ ಒತ್ತಿ ಪ್ರಯತ್ನಿಸಬಹುದು. ನೆಟ್ ಹೋದ ದಿನ ಆ ಪುಟ ಬಿಳೀ ಹಾಳೆ. ಸರ್ವರ್ ಸರಿಯಾಗಿ ಓಡುತ್ತಿದೆ, ಲಾಗ್‌ನಲ್ಲಿ ಎಲ್ಲ ಸರಿ ಅನ್ನುವ 200 ಬರುತ್ತಿದೆ, ಪುಟದಲ್ಲಿ ಮಾತ್ರ ಏನೂ ಇಲ್ಲ. ಒಂದು ಗಂಟೆ ಆದಮೇಲೆ ಗೊತ್ತಾಯಿತು, ಆ ಪುಟವನ್ನು ತೋರಿಸುವ ಸ್ವ್ಯಾಗರ್‌ನ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಫೈಲುಗಳು ಹೊರಗಿನ ಸಿಡಿಎನ್‌ನಿಂದ, ಅಂದರೆ ಇಂಥ ಫೈಲು ಹಂಚುವ ಇಂಟರ್ನೆಟ್ ಸರ್ವರ್‌ಗಳಿಂದ, ಬರುತ್ತವೆ. ಅವನ್ನು ಇಳಿಸಿಕೊಂಡು ಸ್ಟ್ಯಾಟಿಕ್ ಫೋಲ್ಡರ್‌ನಲ್ಲಿ ಇಟ್ಟು, ವಿಳಾಸ ಬದಲಿಸಿದರೆ ಆಯಿತು.

ಈಗ ನಿಜವಾದ ತಪ್ಪಿನ ಬಗ್ಗೆ. ಮೊದಲು ಮಳೆಗೆ ಒಂದೇ ದಶಮಾಂಶ ಫೀಲ್ಡ್ ಇಟ್ಟಿದ್ದೆ. ಒಂದು ದಿನ ಅಕ್ಕಪಕ್ಕದ ತೋಟಗಳಲ್ಲೆಲ್ಲ ಒಂದು ಇಂಚಿನ ಹತ್ತಿರ ಇದ್ದರೆ ಒಂದು ತೋಟದಲ್ಲಿ ಮಾತ್ರ 1.5. ಆ ತೋಟದಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಫೋನ್ ಮಾಡಿದೆ.

“ಅಣ್ಣ, ನಿನ್ನೆ ನಿಮ್ಮಲ್ಲಿ ಒಂದೂವರೆ ಇಂಚು ಬಂತಾ?”

“ಇಲ್ಲಪ್ಪ, ಒಂದು ಇಂಚು ಐದು ಸೆಂಟು. ಅದೇ ಒಂದು ಪಾಯಿಂಟ್ ಐದು ಅಂತ ಹಾಕಿದ್ದೀನಲ್ಲ.”

ಅವರು ಬಾಯಲ್ಲಿ ಹೇಳುವ ಹಾಗೇ ಒತ್ತಿದ್ದರು. ಬರೆಯಬೇಕಾದದ್ದು 1.05. ವ್ಯತ್ಯಾಸ 45 ಸೆಂಟು, 11 ಮಿಲಿಮೀಟರಿಗಿಂತ ಜಾಸ್ತಿ. 1.5 ಅನ್ನುವುದು ಸರಿಯಾದ ಸಂಖ್ಯೆಯೇ ಆದ್ದರಿಂದ ನನ್ನ ಯಾವ ಟೆಸ್ಟೂ ಇದನ್ನು ಹಿಡಿಯುವಂತಿರಲಿಲ್ಲ. ಅವತ್ತೇ ಫೀಲ್ಡನ್ನು ಎರಡು ಮಾಡಿದೆ: ಇಂಚು ಬೇರೆ, ಸೆಂಟು ಬೇರೆ, ಸೆಂಟು 0ಯಿಂದ 99ರ ಒಳಗೆ. ಹಳೇ ಲೆಕ್ಕಗಳನ್ನು ಒಬ್ಬೊಬ್ಬರ ಮಳೆ ಪುಸ್ತಕ ಕೇಳಿ ತಿದ್ದಿದೆ. ಬ್ರೂನೋ ಫೋಲ್ಡರ್‌ನಲ್ಲಿ ಮೊದಲ ಫೈಲಿನ ಹೆಸರೇ ಈಗ “ಒಂದು ಇಂಚು ಐದು ಸೆಂಟು”.

ನಾವು ಯೋಚಿಸದ ತಪ್ಪುಗಳಿಗೆ ಸ್ಕೀಮಾಥೆಸಿಸ್ ಹಾಕಿದೆ. ಮೊದಲು ಹೇಳಿದೆನಲ್ಲ ಓಪನ್‌ಎಪಿಐ ವಿವರಣೆ, ಇದು ಅದನ್ನು ಓದಿ ತಾನೇ ನೂರಾರು ರಿಕ್ವೆಸ್ಟ್ ಹುಟ್ಟಿಸಿ ಕಳಿಸುತ್ತದೆ, ಚಿತ್ರವಿಚಿತ್ರ ಅಕ್ಷರ, ಖಾಲಿ ಹೆಸರು, ಭಾರೀ ದೊಡ್ಡ ಸಂಖ್ಯೆ ಎಲ್ಲ. ಮೊದಲ ಸಲ ಓಡಿಸಿದಾಗಲೇ 500 ಬಂತು, ಅಂದರೆ ಸರ್ವರ್ ಒಳಗೇ ತಪ್ಪು. ಇಂಚಿನ ಫೀಲ್ಡಿಗೆ ಸೊನ್ನೆಗಿಂತ ಕಮ್ಮಿ ಬೇಡ ಅಂತ ಬರೆದಿದ್ದೆ, ಮೇಲಿನ ಮಿತಿ ಹಾಕಿರಲಿಲ್ಲ. ಪೈಥಾನಿನಲ್ಲಿ ಸಂಖ್ಯೆ ಎಷ್ಟು ದೊಡ್ಡದಾದರೂ ನಡೆಯುತ್ತದೆ, ಎಸ್‌ಕ್ಯೂಲೈಟ್‌ನಲ್ಲಿ 64 ಬಿಟ್ ದಾಟಿದರೆ ಹಿಡಿಸುವುದಿಲ್ಲ. ದಿನಕ್ಕೆ 40 ಇಂಚು ಅಂತ ಮಿತಿ ಹಾಕಿದೆ. ಒಂದು ಸಾಲಿನ ಕೆಲಸ. ಒಟ್ಟಿಗೇ ತುಂಬಾ ಜನ ಬಳಸಿದರೆ ತಡೆಯುತ್ತದಾ ಅಂತ ನೋಡುವ ಲೋಡ್ ಟೆಸ್ಟ್‌ಗೆ ಲೋಕಸ್ಟ್ ಒಮ್ಮೆ ಓಡಿಸಿ ಬಿಟ್ಟೆ, ಇಪ್ಪತ್ತು ತೋಟಕ್ಕೆ ಅದು ಬೇಕಿಲ್ಲ.

ಮೊನ್ನೆ ಸುಂಟಿಕೊಪ್ಪ ಕಡೆಯ ಒಬ್ಬರು ತಮ್ಮ ಊರಿನ ತೋಟಗಳಿಗೂ ಇದು ಬೇಕು ಅಂದರು. ಅವರಲ್ಲಿ ಆ ವಾರ ನೆಟ್ ಸರಿ ಇರಲಿಲ್ಲ. ಕೋಡ್, ಬ್ರೂನೋ ಫೋಲ್ಡರ್, ಜೊತೆಗೆ ಪೈಥಾನ್ ಪ್ಯಾಕೇಜ್ ಹಾಕುವ ಟೂಲಾದ ಪಿಪ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟ ಪ್ಯಾಕೇಜುಗಳನ್ನೂ ಒಂದೇ ಪೆನ್‌ಡ್ರೈವ್‌ಗೆ ಹಾಕಿ ಮೂರ್ನಾಡಿನಲ್ಲಿ ಸಿಕ್ಕಾಗ ಕೊಟ್ಟೆ. ಪಿಪ್‌ಗೆ ಹೊರಗೆ ಹುಡುಕಬೇಡ, ಈ ಫೋಲ್ಡರ್‌ನಲ್ಲೇ ನೋಡು ಅಂತ ಹೇಳುವ ಆಯ್ಕೆ ಇದೆ, ಆ ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಸಂಜೆ ಅವರ ಮೆಸೇಜ್ ಬಂತು, ಟೆಸ್ಟ್‌ಗಳೆಲ್ಲ ಪಾಸ್, ಮೊದಲ ಲೆಕ್ಕ 32 ಸೆಂಟು.