ಜೀರ್ಣಕ್ರಿಯೆಯನ್ನು ಮಕ್ಕಳಿಗೆ ಮಾಡಿ ತೋರಿಸುವ ಬಗೆ: ಕೊಡಗಿನ ಶಿಕ್ಷಕರಿಗೂ ಪೋಷಕರಿಗೂ

ಜೀರ್ಣಾಂಗಗಳ ಪಾಠವನ್ನು ಸಾಮಾನ್ಯವಾಗಿ ಒಂದು ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಲು ಹೇಳಿ ಮುಗಿಸಲಾಗುತ್ತದೆ. ಚಿತ್ರ ಬೇಕು, ನಿಜ. ಆದರೆ ಪಾಠದ ತಿರುಳು ಅದರಲ್ಲಿ ಕಾಣುವುದಿಲ್ಲ. ನುಂಗಿದ ತುತ್ತು ಹೊಟ್ಟೆ ಸೇರಿದ ಮಾತ್ರಕ್ಕೆ ದೇಹಕ್ಕೆ ಸೇರಿದಂತಲ್ಲ. ಬಾಯಿಯಿಂದ ಗುದದ್ವಾರದವರೆಗೆ ಸಾಗುವ ಜೀರ್ಣನಾಳದ ಗೋಡೆಯನ್ನು ದಾಟಿ ರಕ್ತಕ್ಕೋ ದುಗ್ಧರಸಕ್ಕೋ (ದೇಹದಲ್ಲಿ ಹರಿಯುವ ಇನ್ನೊಂದು ದ್ರವ, ಲಿಂಫ್) ಸೇರಿದಾಗ ಮಾತ್ರ ಅದು ನಮ್ಮದಾಗುತ್ತದೆ, ಮತ್ತು ಆ ಗೋಡೆಯನ್ನು ದಾಟಬೇಕಾದರೆ ದೊಡ್ಡ ಅಣುಗಳು ಒಡೆದು ಚಿಕ್ಕವಾಗಲೇಬೇಕು. ಒಡೆಯುವುದು ಒಂದು ಕೆಲಸ, ಹೀರಿಕೊಳ್ಳುವುದು ಇನ್ನೊಂದು. ಇವೆರಡನ್ನೂ ಮನೆಯ ಅಡುಗೆ ಸಾಮಾನಿನಿಂದಲೇ ತೋರಿಸಬಹುದು.

ಮೊದಲು ಮಕ್ಕಳು ಬಲ್ಲ ಒಂದು ಊಟವನ್ನು ಆರಿಸಿಕೊಂಡು ಪಾಠದುದ್ದಕ್ಕೂ ಅದನ್ನೇ ಹಿಂಬಾಲಿಸಿ. ಕೊಡಗಿನಲ್ಲಿ ಕಡಂಬುಟ್ಟು ಮತ್ತು ಪಂದಿಕರಿಗಿಂತ ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ: ಅಕ್ಕಿತರಿಯ ಉಂಡೆಯಲ್ಲಿ ಪಿಷ್ಟ, ಮಾಂಸದಲ್ಲಿ ಪ್ರೋಟೀನ್, ಅದರ ಅಂಚಿನಲ್ಲಿ ಕೊಬ್ಬು. ಹಂದಿಮಾಂಸ ತಿನ್ನದ ಮನೆಯ ಮಕ್ಕಳಿಗೆ ನೂಲ್‌ಪುಟ್ಟು ಮತ್ತು ಕೋಳಿಸಾರು, ಇಲ್ಲವೇ ಅಕ್ಕಿರೊಟ್ಟಿ ಮತ್ತು ಕಡಲೆಸಾರು ಆಗುತ್ತದೆ.

ಆರಂಭ ಬಾಯಿಂದಲೇ ಆಗಲಿ. ಪ್ರತಿ ಮಗುವಿಗೂ ಏನೂ ಸವರದ ಒಂದು ಚೂರು ಕಡಂಬುಟ್ಟು ಕೊಟ್ಟು, ನುಂಗದೆ ಒಂದೆರಡು ನಿಮಿಷ ಅಗಿಯಲು ಹೇಳಿ. ಸಪ್ಪೆಯಾಗಿದ್ದ ತುತ್ತು ನಿಧಾನವಾಗಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದನೆಯ ಸರಪಣಿಗಳನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯನ್ನು ಬಿಡಿಸಿರುತ್ತದೆ. ನಾಲಿಗೆ ಹೇಳಿದ ಈ ಮಾತನ್ನು ಇನ್ನು ಕಣ್ಣಿಗೆ ತೋರಿಸಬೇಕು.

ಅದಕ್ಕೆ ಅನ್ನದ ಗಂಜಿಯ ತಿಳಿಯನ್ನು ಹತ್ತು ಪಾಲು ನೀರು ಬೆರೆಸಿ ತೆಳುಮಾಡಿ. ತಿಳಿ ಗಟ್ಟಿಯಾಗಿದ್ದರೆ ಫಲಿತಾಂಶಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಅಥವಾ ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ತಿಳಿ ಕಂದು ಬಣ್ಣ ಬರುವಷ್ಟು ನೀರು ಸೇರಿಸಿ, ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಸಾಲಾಗಿ ತೊಟ್ಟುಗಳನ್ನು ಇಡಿ. ಎರಡು ಪ್ರನಾಳಗಳಲ್ಲಿ ತೆಳು ತಿಳಿಯನ್ನು ಹಾಕಿ, ಒಂದಕ್ಕೆ ಒಂದು ಚಮಚದಷ್ಟು ಎಂಜಲನ್ನೂ ಇನ್ನೊಂದಕ್ಕೆ ಅಷ್ಟೇ ಎಂಜಲನ್ನು ಚೆನ್ನಾಗಿ ಕುದಿಸಿ ಆರಿಸಿಯೂ ಸೇರಿಸಿ. ಪ್ರತಿ ಗುಂಪಿನಲ್ಲಿ ಎಂಜಲು ಕೊಟ್ಟ ಮಗುವೇ ಆ ಪ್ರನಾಳವನ್ನು ಮುಟ್ಟಲಿ, ಅದೇ ಮಗು ಅದನ್ನು ತೊಳೆಯಲಿ. ಎರಡು ನಿಮಿಷಕ್ಕೊಮ್ಮೆ ಎರಡರಿಂದಲೂ ಒಂದೊಂದು ಹನಿಯನ್ನು ಬೇರೆ ಬೇರೆ ಕಡ್ಡಿಯಿಂದ ತೆಗೆದು ಅಯೋಡಿನ್ ತೊಟ್ಟಿನ ಮೇಲೆ ಬಿಡಿ. ಕುದಿಸಿದ ಎಂಜಲಿನ ಸಾಲು ಕೊನೆಯವರೆಗೂ ಕಡುನೀಲಿಯಾಗಿಯೇ ಉಳಿಯುತ್ತದೆ. ಹಸಿ ಎಂಜಲಿನ ಸಾಲು ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಗಂದಿಗೆ ತಿರುಗಿ, ಕಡೆಗೆ ಅಯೋಡಿನ್ನಿನ ಸ್ವಂತ ಬಣ್ಣದಲ್ಲೇ ನಿಲ್ಲುತ್ತದೆ. ಕಿಣ್ವವೂ ಒಂದು ಪ್ರೋಟೀನ್, ಕುದಿಸಿದರೆ ಅದರ ರೂಪ ಕೆಡುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡಿ.

ಈ ಪ್ರಯೋಗ ನಮ್ಮ ಜಿಲ್ಲೆಯಲ್ಲಿ ಕೈಕೊಡುವುದಕ್ಕೆ ಒಂದು ಸ್ಪಷ್ಟ ಕಾರಣವಿದೆ. ಎಂಜಲಿನ ಅಮೈಲೇಸ್ ಚುರುಕಾಗಿ ಕೆಲಸ ಮಾಡುವುದು ದೇಹದ ಬಿಸಿಯಲ್ಲಿ, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಡಿಕೇರಿಯಂತಹ ಎತ್ತರದ ಊರಿನ ತರಗತಿಯಲ್ಲಿ, ಮಳೆಗಾಲದಲ್ಲಿ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲಿರುವಾಗ, ಪ್ರನಾಳವನ್ನು ಹಾಗೆಯೇ ಮೇಜಿನ ಮೇಲಿಟ್ಟರೆ ಕ್ರಿಯೆ ಬಹಳ ನಿಧಾನವಾಗಿ, ಪಾಠದ ಅವಧಿ ಮುಗಿದರೂ ನೀಲಿ ಹೋಗದೆ ಇರಬಹುದು. ಆದ್ದರಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ತಣ್ಣೀರು ಬೆರೆಸಿ, ಕೂಸಿಗೆ ಸ್ನಾನ ಮಾಡಿಸುವಷ್ಟು ಹದವಾದ ನೀರಿನ ಪಾತ್ರೆಯಲ್ಲಿ ಪ್ರನಾಳಗಳನ್ನು ನಿಲ್ಲಿಸಿ. ಮೂರನೆಯ ಪ್ರನಾಳವೊಂದನ್ನು ಬೇಕೆಂದೇ ಮೇಜಿನ ಮೇಲೆ ಚಳಿಯಲ್ಲಿ ಬಿಟ್ಟರೆ, ಅಡಚಣೆಯೇ ಒಳ್ಳೆಯ ಪಾಠವಾಗುತ್ತದೆ.

ತುತ್ತು ಜಠರಕ್ಕಿಳಿದ ಮೇಲೆ ಅಲ್ಲಿನ ಹೈಡ್ರೋಕ್ಲೋರಿಕ್ ಆಮ್ಲ ಎಂಜಲಿನ ಅಮೈಲೇಸನ್ನು ನಿಲ್ಲಿಸುತ್ತದೆ. ಇದನ್ನು ತೋರಿಸಲು ಇನ್ನೊಂದು ಪ್ರನಾಳಕ್ಕೆ ಎಂಜಲಿಗಿಂತ ಮೊದಲು ಬಿಳಿ ವಿನೆಗರ್ ಸೇರಿಸಿ, ನೀಲಿ ಮಾಸುವುದಿಲ್ಲ. ಪಂದಿಕರಿಗೆ ಹುಳಿ ಕೊಡುವ ಕಾಚಂಪುಳಿಯನ್ನೇ ಬಳಸಬೇಕೆಂಬ ಆಸೆ ಸಹಜ, ಆದರೆ ಅದರ ಕಪ್ಪು ಬಣ್ಣ ಪರೀಕ್ಷೆಯನ್ನು ಮುಚ್ಚಿಹಾಕುತ್ತದೆ. ನಿಂಬೆರಸವನ್ನಂತೂ ಬಳಸಲೇಬೇಡಿ: ಅದರಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ಅಳಿಸುವುದರಿಂದ, ಜೀರ್ಣವಾಗದ ಪಿಷ್ಟ ಜೀರ್ಣವಾದಂತೆ ಕಂಡು ಮಕ್ಕಳು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಜಠರದಲ್ಲಿ ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್‌ಗೆ ಆಮ್ಲವೇ ಬೇಕು. ಅಮೆರಿಕದಲ್ಲಿ 1822ರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಯಲ್ಲಿ ಮುಚ್ಚದೆ ಉಳಿದ ರಂಧ್ರದ ಮೂಲಕ, ವೈದ್ಯ ವಿಲಿಯಂ ಬ್ಯೂಮಾಂಟ್ ದಾರಕ್ಕೆ ಕಟ್ಟಿದ ಮಾಂಸದ ತುಂಡುಗಳನ್ನು ಜಠರಕ್ಕಿಳಿಸಿ, ಹೊರತೆಗೆದು ನೋಡಿದ ಕಥೆಯನ್ನು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಮನೆಯಲ್ಲಿ ತೋರಿಸುವುದಾದರೆ ಮಾಂಸದ ಚೂರುಗಳಿಗೆ ತುರಿದ ಪಪ್ಪಾಯಿ ಕಾಯಿ ಬೆರೆಸಿ ಒಂದೆರಡು ಗಂಟೆ ಬಿಟ್ಟು, ಬರೀ ನೀರಿನಲ್ಲಿಟ್ಟ ಚೂರುಗಳೊಡನೆ ಹೋಲಿಸಿ. ಪಪ್ಪಾಯಿಯ ಕಿಣ್ವ ಆಮ್ಲವಿಲ್ಲದೆಯೂ ಕೆಲಸ ಮಾಡುತ್ತದೆ ಎಂಬ ವ್ಯತ್ಯಾಸವನ್ನು ಮಾತ್ರ ಹೇಳಲು ಮರೆಯಬಾರದು.

ಕೊಬ್ಬಿನ ವಿಷಯಕ್ಕೆ ಬಂದರೆ, ಆರಿದ ಪಂದಿಕರಿಯ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುವ ಜಿಡ್ಡನ್ನು ಒಂದು ಚಮಚ ತೆಗೆದು ಎರಡು ಬಾಟಲಿ ಬಿಸಿನೀರಿಗೆ ಹಂಚಿ ಹಾಕಿ. ಎರಡನ್ನೂ ಕುಲುಕಿದರೆ, ಬರೀ ನೀರಿನಲ್ಲಿ ಜಿಡ್ಡು ಕ್ಷಣದಲ್ಲೇ ಮೇಲೆ ತೇಲಿ ಒಂದಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಬಿದ್ದ ನೀರಿನಲ್ಲಿ ಅದು ಸಣ್ಣ ಸಣ್ಣ ಹನಿಗಳಾಗಿ ಚದುರಿ ನೀರು ಹಾಲಿನಂತಾಗುತ್ತದೆ. ಯಕೃತ್ತಿನಲ್ಲಿ ತಯಾರಾಗಿ ಪಿತ್ತಕೋಶದಲ್ಲಿ ಸಂಗ್ರಹವಾಗುವ ಪಿತ್ತರಸ ಸಣ್ಣ ಕರುಳಿನಲ್ಲಿ ಮಾಡುವುದೂ ಇದನ್ನೇ. ಪಿತ್ತರಸ ಕೊಬ್ಬಿನ ಅಣುವನ್ನು ಒಡೆಯುವುದಿಲ್ಲ, ಹನಿಗಳನ್ನು ಚಿಕ್ಕದಾಗಿಸುತ್ತದೆ ಅಷ್ಟೇ. ಒಡೆಯುವುದು ಮೇದೋಜೀರಕ ಗ್ರಂಥಿಯ ಲೈಪೇಸ್. ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚಾಗಿ ಎಡವುವ ಜಾಗ ಇದು. ಬಾಯಿಯಲ್ಲಿ ಅರ್ಧಕ್ಕೆ ನಿಂತ ಪಿಷ್ಟದ ಕೆಲಸವೂ, ಜಠರದಲ್ಲಿ ಆರಂಭವಾದ ಪ್ರೋಟೀನಿನ ಕೆಲಸವೂ ಪೂರ್ಣಗೊಳ್ಳುವುದು ಸಣ್ಣ ಕರುಳಿನಲ್ಲಿಯೇ.

ಹೀರಿಕೆಯನ್ನು ತೋರಿಸಲು ಒಂದೇ ಅಳತೆಯ ಎರಡು ತುಂಡು ಬಟ್ಟೆ ಸಾಕು: ಒಂದು ತೆಳು ಪಂಚೆಯದು, ಇನ್ನೊಂದು ಟರ್ಕಿ ಟವೆಲಿನದು. ಎರಡನ್ನೂ ನೀರಿನಲ್ಲಿ ಅದ್ದಿ ಹಿಂಡಿ, ಬಂದ ನೀರನ್ನು ಅಳೆಯಿರಿ. ಟವೆಲಿನ ನೂಲಿನ ಕುಣಿಕೆಗಳಂತೆ ಸಣ್ಣ ಕರುಳಿನ ಒಳಗೋಡೆಯಲ್ಲಿ ವಿಲ್ಲೈ ಎಂಬ ಬೆರಳಿನಾಕಾರದ ಚಾಚಿಕೆಗಳು ಒತ್ತೊತ್ತಾಗಿ ನಿಂತಿವೆ. ಪ್ರತಿಯೊಂದರ ಎತ್ತರ ಅರ್ಧದಿಂದ ಒಂದು ಮಿಲಿಮೀಟರ್. ಕರುಳನ್ನು ಹರಡಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂಬ ಮಾತು ಬಹಳ ಕಡೆ ಮುದ್ರಿತವಾಗಿದೆ. ಆದರೆ 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮರು ಅಳತೆ ಮಾಡಿದಾಗ ಜೀರ್ಣನಾಳದ ಒಳಮೈ ಒಟ್ಟು 30 ಚದರ ಮೀಟರಿನ ಆಸುಪಾಸು ಎಂದು ಕಂಡುಬಂದಿತು. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ 6 ಮೀಟರ್ ಉದ್ದ, 5 ಮೀಟರ್ ಅಗಲದ ಆಯತ ಬರೆದು ತೋರಿಸಿ.

ಇಲ್ಲಿಂದ ಎರಡು ದಾರಿಗಳು. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ವಿಲ್ಲೈಗಳ ರಕ್ತನಾಳ ಸೇರಿ ನೇರವಾಗಿ ಯಕೃತ್ತಿಗೆ ಹೋಗುತ್ತವೆ; ಕೊಬ್ಬಿನ ಹೆಚ್ಚಿನ ಪಾಲು ದುಗ್ಧನಾಳಗಳಲ್ಲಿ ಸುತ್ತಿಬಂದು, ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಕೂಡುತ್ತದೆ. ಗೋಡೆ ದಾಟುವ ಈ ಸಂಗತಿಗೆ ಕೊಡಗಿನ ಮಕ್ಕಳ ಬಳಿ ಬೇರೆಲ್ಲೂ ಸಿಗದ ಸಾಕ್ಷಿಯಿದೆ. ಆಗಸ್ಟ್ ಮೊದಲ ವಾರದಲ್ಲಿ ಬರುವ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡವರಿಗೆ ಆಮೇಲೆ ಮೂತ್ರ ಕೆಂಪಗೆ ಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ಸೊಪ್ಪಿನ ಬಣ್ಣ ಕರುಳಿನ ಗೋಡೆ ದಾಟಿ, ರಕ್ತದಲ್ಲಿ ಹರಿದು, ಮೂತ್ರಪಿಂಡದಲ್ಲಿ ಸೋಸಿಹೋಗದಿದ್ದರೆ ಅಲ್ಲಿಗೆ ತಲುಪಲು ಬೇರೆ ದಾರಿಯೇ ಇಲ್ಲ. ಈ ತರ್ಕವನ್ನು ನೀವು ಹೇಳಬೇಡಿ. ಪ್ರಶ್ನೆ ಕೇಳಿ, ಮಕ್ಕಳಿಂದಲೇ ಹೇಳಿಸಿ.

ದೊಡ್ಡ ಕರುಳಿಗೆ ಹೆಚ್ಚು ಸಮಯ ಬೇಕಿಲ್ಲ. ಉಳಿದ ನೀರು ಮತ್ತು ಲವಣಗಳನ್ನು ಅದು ಹೀರಿಕೊಳ್ಳುತ್ತದೆ. ಬೈಂಬಳೆಯ (ಕಣಿಲೆಯ) ನಾರಿನಂತಹ, ನಮ್ಮ ಕಿಣ್ವಗಳಿಗೆ ಒಡೆಯಲಾಗದ ನಾರಿನಲ್ಲಿ ಒಂದಂಶವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಕಿರಿಯ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ, ಮಿಕ್ಕಿದ್ದು ಮಲದೊಡನೆ ಹೊರಹೋಗುತ್ತದೆ. ಇಷ್ಟಾದ ಮೇಲೆ ಆ ಹಳೆಯ ಚಿತ್ರವನ್ನು ಬರೆಸಿ. ಕಡಂಬುಟ್ಟಿನ ಪಿಷ್ಟ, ಮಾಂಸದ ಪ್ರೋಟೀನ್ ಮತ್ತು ಕೊಬ್ಬು ಎಲ್ಲೆಲ್ಲಿ ಒಡೆದವು, ಎಲ್ಲಿ ಗೋಡೆ ದಾಟಿದವು ಎಂದು ಮೂರು ಬಣ್ಣದ ಪೆನ್ಸಿಲ್‌ನಿಂದ ಗುರುತಿಸಲು ಹೇಳಿ.